ಒಂದು ಲೈಸೆನ್ಸಿನಲ್ಲಿ ಮನೆಮಂದಿಯೆಲ್ಲ

2009ರ ಆಗಸ್ಟ್‌ನಲ್ಲಿ ಆ್ಯಪಲ್ ಕಂಪನಿ ಮ್ಯಾಕ್ ಕಂಪ್ಯೂಟರುಗಳಿಗಾಗಿ ಸ್ನೋ ಲೆಪರ್ಡ್ ಎಂಬ ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆ ಮಾಡಿತು. ಅಮೆರಿಕದ ಅಂಗಡಿಗಳಲ್ಲಿ ಅದರ ಎರಡು ಬಗೆಯ ಪೆಟ್ಟಿಗೆ ಸಿಗುತ್ತಿದ್ದವು. ಒಂದರ ಬೆಲೆ 29 ಡಾಲರ್. ಅದು ಒಂದು ಕಂಪ್ಯೂಟರಿಗೆ. ಇನ್ನೊಂದರ ಬೆಲೆ 49. ಅದು ಒಂದೇ ಮನೆಯ ಐದು ಕಂಪ್ಯೂಟರುಗಳಿಗೆ, ಹೆಸರು ‘ಫ್ಯಾಮಿಲಿ ಪ್ಯಾಕ್’. ಡಿಸ್ಕ್ ಹಾಕಿದರೆ ಕೀ ಕೇಳುತ್ತಿರಲಿಲ್ಲ, ಇಂಟರ್ನೆಟ್ಟಿಗೆ ಹೋಗಿ ಆಕ್ಟಿವೇಟ್ ಮಾಡಿಕೊಂಡು ಬಾ ಎನ್ನುತ್ತಿರಲಿಲ್ಲ. 29 ಡಾಲರಿನ ಡಿಸ್ಕನ್ನೇ ಐದು ಕಡೆ ಹಾಕಿದರೂ ತಡೆಯುವವರಿರಲಿಲ್ಲ. ಹೆಚ್ಚಿನ 20 ಡಾಲರ್ ಕೊಟ್ಟವರು ಕೊಂಡದ್ದು ಅನುಮತಿಯನ್ನಷ್ಟೆ.

ಆ್ಯಪಲ್‌ನ ಈ ಫ್ಯಾಮಿಲಿ ಪ್ಯಾಕ್‌ಗಳ ಕರಾರುಪತ್ರ ‘ಮನೆ’ ಎಂದರೇನು ಎಂಬುದನ್ನೂ ಬಿಡಿಸಿ ಹೇಳಿತ್ತು. ಒಂದೇ ಸೂರಿನಡಿ ಬಾಳುವವರು ಒಂದು ಮನೆ. ಆ ಸೂರು ಸ್ವಂತದ್ದೋ ಅಪಾರ್ಟ್‌ಮೆಂಟಿನದೋ ಎಂಬುದು ಮುಖ್ಯವಲ್ಲ. ಓದಲು ಹೋಗಿ ಕಾಲೇಜಿನ ಆವರಣದಲ್ಲಿ ಉಳಿದುಕೊಂಡಿರುವ ಮಕ್ಕಳೂ ಮನೆಯವರೇ. ವ್ಯಾಪಾರ ವ್ಯವಹಾರಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಸಾಫ್ಟ್‌ವೇರ್ ಕರಾರುಗಳಲ್ಲಿ ಹಾಸ್ಟೆಲಿನಲ್ಲಿರುವ ಮಗಳನ್ನು ನೆನಪಿಟ್ಟುಕೊಂಡ ಸಾಲು ಸಿಗುವುದು ಅಪರೂಪ. ಅದನ್ನು ಬರೆದವರ ಬಗ್ಗೆ ನನಗೆ ಗೌರವವಿದೆ.

ಮನೆಯಲ್ಲೊಬ್ಬರು ದುಡ್ಡು ಕೊಟ್ಟು ಕೊಂಡ ತಂತ್ರಾಂಶವನ್ನು ಗಂಡ, ಹೆಂಡತಿ, ಮಕ್ಕಳು, ಮನೆಯ ಹಿರಿಯರು ಹಂಚಿಕೊಂಡು ಬಳಸಬಹುದೆ ಎಂಬ ಪ್ರಶ್ನೆಗೆ ನಲವತ್ತು ವರ್ಷಗಳಿಂದ ಉತ್ತರ ಬದಲಾಗುತ್ತಲೇ ಬಂದಿದೆ. ಒಂದು ಕಾಲದಲ್ಲಿ ಕಂಪನಿಗಳು ಯಂತ್ರಗಳನ್ನು ಎಣಿಸಿದವು, ಆಮೇಲೆ ಮನೆಗಳನ್ನು, ಈಗ ಖಾತೆಗಳನ್ನು. ಒಂದು ಹೊತ್ತಿಗೆ ಒಬ್ಬರು ಬಳಸುವುದಾದರೆ ಒಂದು ಪ್ರತಿ ಮನೆಗೆಲ್ಲ ಸಾಕು, ಹಾಗೆ ಬಳಸುವುದು ನ್ಯಾಯವೂ ಹೌದು ಎಂಬುದು ನನ್ನ ನಿಲುವು. ಇದನ್ನು ಹೇಳಿದವರಲ್ಲಿ ನಾನು ಮೊದಲಿಗನಲ್ಲ; ಹಿಂದೊಮ್ಮೆ ತಂತ್ರಾಂಶ ಕಂಪನಿಯೊಂದೇ ಇದನ್ನು ಬರೆದುಕೊಟ್ಟಿತ್ತು.

1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರ್ ಬಳಕೆದಾರರಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಕಂಪ್ಯೂಟರಿಗೆಂದು ತಾವು ಬರೆದ ಬೇಸಿಕ್ ಎಂಬ ತಂತ್ರಾಂಶವನ್ನು ಬಹಳ ಮಂದಿ ಕೊಳ್ಳದೆ ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುತ್ತಿದ್ದಾರೆ, ಹೀಗಾದರೆ ಒಳ್ಳೆಯ ತಂತ್ರಾಂಶ ಬರೆಯುವವರಾದರೂ ಯಾರು ಎಂಬುದು ಅವರ ಅಳಲು. ಆ ಅಳಲಿನಲ್ಲಿ ಹುರುಳಿತ್ತು. ಅಲ್ಲಿಂದ ಮುಂದೆ ಹಲವು ಕಂಪನಿಗಳು ಫ್ಲಾಪಿಗಳಿಗೆ ನಕಲು ನಿರೋಧಕ ಬೀಗ ಹಾಕಿದವು. ದುಡ್ಡು ಕೊಟ್ಟವರೂ ಬ್ಯಾಕಪ್ ಮಾಡಿಕೊಳ್ಳಲಾಗದೆ ಒದ್ದಾಡಿದರು. ಆಗ ಫಿಲಿಪ್ ಕಾನ್ ಅವರ ಬೋರ್ಲ್ಯಾಂಡ್ ಕಂಪನಿ ಬೇರೆ ದಾರಿ ಹಿಡಿಯಿತು. 1983ರಲ್ಲಿ ಬಂದ ಅದರ ಟರ್ಬೋ ಪ್ಯಾಸ್ಕಲ್ ಎಂಬ ಕಂಪೈಲರಿನ ಬೆಲೆ 49.95 ಡಾಲರ್, ಪೈಪೋಟಿಯ ಕಂಪೈಲರುಗಳು ಅದರ ಎಷ್ಟೋ ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದವು. ಬೋರ್ಲ್ಯಾಂಡ್ ಬಳಸುತ್ತಿದ್ದ ಲೈಸೆನ್ಸಿನ ತಿರುಳು ಇಷ್ಟೇ: ಇದನ್ನು ಪುಸ್ತಕದ ಹಾಗೆ ನೋಡಿಕೊಳ್ಳಿ. ಎಷ್ಟು ಜನ ಬೇಕಾದರೂ ಬಳಸಿ, ಯಾವ ಕಂಪ್ಯೂಟರಿಗೆ ಬೇಕಾದರೂ ಒಯ್ಯಿರಿ, ಆದರೆ ಒಂದು ಕಡೆ ಬಳಕೆಯಲ್ಲಿರುವಾಗ ಇನ್ನೊಂದು ಕಡೆ ಬಳಸುವ ಸಾಧ್ಯತೆ ಇರಬಾರದು. ಒಂದೇ ಪುಸ್ತಕವನ್ನು ಇಬ್ಬರು ಒಂದೇ ಹೊತ್ತಿನಲ್ಲಿ ಎರಡು ಊರಲ್ಲಿ ಕೂತು ಓದಲಾಗದಲ್ಲ, ಹಾಗೆ. ಮನೆಯವರು ಯಾರು, ಎಲ್ಲಿದ್ದಾರೆ, ಎಷ್ಟು ಮಂದಿ ಎಂಬ ವಿಚಾರಣೆಯೇ ಆ ಕರಾರಿನಲ್ಲಿರಲಿಲ್ಲ.

ಈ ನಿಯಮ ಯಂತ್ರರೂಪ ತಾಳಿದ್ದನ್ನು ಕನ್ನಡದ ಡಿಟಿಪಿ ಕೇಂದ್ರಗಳು ಕಣ್ಣಾರೆ ಕಂಡಿವೆ. ಶ್ರೀಲಿಪಿಯಂಥ ತಂತ್ರಾಂಶದ ಜತೆ ಒಂದು ಡಾಂಗಲ್ ಬರುತ್ತಿತ್ತು: ಮೊದಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ತುಂಡು, ಆಮೇಲೆ ಯುಎಸ್‌ಬಿ ಕಡ್ಡಿ. ತಂತ್ರಾಂಶವನ್ನು ನಾಲ್ಕು ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡಿದರೂ ಡಾಂಗಲ್ ಸಿಕ್ಕಿಸಿದ ಯಂತ್ರದಲ್ಲಷ್ಟೇ ಅದು ಕೆಲಸ ಮಾಡುತ್ತಿತ್ತು. ಗಂಡ-ಹೆಂಡತಿ ಸೇರಿ ನಡೆಸುವ ಅಂಗಡಿಯಲ್ಲಿ ಹಗಲು ಒಬ್ಬರು ಮದುವೆಯ ಕರೆಯೋಲೆ ಜೋಡಿಸಿದರೆ ರಾತ್ರಿ ಮನೆಯಲ್ಲಿ ಇನ್ನೊಬ್ಬರು ಪುಸ್ತಕದ ಕರಡು ತಿದ್ದಬಹುದಿತ್ತು. ಡಾಂಗಲ್ ಪರ್ಸಿನಲ್ಲಿ ಕೂತು ಅಂಗಡಿಗೂ ಮನೆಗೂ ಓಡಾಡುತ್ತಿತ್ತು. ಅದು ಕಳೆದರೆ ಅಥವಾ ಕೆಟ್ಟರೆ ಕೊಂಡ ತಂತ್ರಾಂಶವೇ ಹೋದ ಹಾಗೆ, ಅದು ದೊಡ್ಡ ತೊಂದರೆ. ಹಂಚಿಕೆಯ ಮಟ್ಟಿಗೆ ಮಾತ್ರ ಅದರಷ್ಟು ಸ್ಪಷ್ಟವಾದ ಏರ್ಪಾಡು ಆಮೇಲೆ ಬರಲಿಲ್ಲ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜತೆ ಆಕ್ಟಿವೇಶನ್ ಮನೆಮನೆಗೆ ಬಂತು. ಅದಕ್ಕೂ ಮೊದಲು ವಿಂಡೋಸ್ 98ರ ಸಿ.ಡಿ. ಹಿಂದೆ ಬರೆದಿಟ್ಟ ಕೀ ಇಡೀ ಬೀದಿಗೆ ಸಾಕಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಕೀ ಒಂದು ಯಂತ್ರದ ಬಿಡಿಭಾಗಗಳಿಗೆ ತಳುಕು ಹಾಕಿಕೊಂಡಿತು. ಕಂಪ್ಯೂಟರಿನೊಡನೆ ಬಂದ ವಿಂಡೋಸ್ ಆ ಕಂಪ್ಯೂಟರಿಗೇ ಅಂಟಿಕೊಂಡದ್ದು. ಬಿಡಿಯಾಗಿ ಕೊಂಡದ್ದನ್ನಾದರೆ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಯಂತ್ರ ಎಣಿಸುವ ಪದ್ಧತಿಯಲ್ಲಿ ಮನೆಮಂದಿಗೆ ಒಂದು ಅನುಕೂಲವಿದೆ, ಅದು ಹಲವರ ಗಮನಕ್ಕೆ ಬಂದಿಲ್ಲ. ಕಂಪ್ಯೂಟರ್ ಒಂದೇ ಇದ್ದರೆ ಅದರ ಮುಂದೆ ಸರದಿಯಲ್ಲಿ ಯಾರು ಕೂತರೂ ವಿಂಡೋಸ್ ಕರಾರು ಆಕ್ಷೇಪಿಸುವುದಿಲ್ಲ. ಒಂದು ಹೊತ್ತಿಗೆ ಒಬ್ಬರು ಬಳಸಬೇಕು, ಅಷ್ಟೆ. ಅಮ್ಮನಿಗೊಂದು, ಮಗನಿಗೊಂದು ಲಾಗಿನ್ ಮಾಡಿಕೊಟ್ಟರೆ ಪೂರ್ತಿ ಸಕ್ರಮ. ಮನೆಗೆ ಎರಡನೆಯ ಕಂಪ್ಯೂಟರ್ ಬಂದ ದಿನ ತಕರಾರು ಶುರುವಾಗುತ್ತದೆ.

ಆ ಎರಡನೆಯ ಕಂಪ್ಯೂಟರನ್ನು ಮೈಕ್ರೋಸಾಫ್ಟ್ ಒಂದಷ್ಟು ಕಾಲ ಔದಾರ್ಯದಿಂದಲೇ ಕಂಡಿತು. ಆಫೀಸ್ 2007ರ ಹೋಮ್ ಅಂಡ್ ಸ್ಟೂಡೆಂಟ್ ಆವೃತ್ತಿಯ ಒಂದು ಪೆಟ್ಟಿಗೆ ಕೊಂಡರೆ ಮನೆಯ ಮೂರು ಕಂಪ್ಯೂಟರುಗಳಲ್ಲಿ ಹಾಕಬಹುದಿತ್ತು. 2009ರಲ್ಲಿ ವಿಂಡೋಸ್ 7ಕ್ಕೂ ಮೂರು ಕಂಪ್ಯೂಟರುಗಳ ಫ್ಯಾಮಿಲಿ ಪ್ಯಾಕ್ ಸ್ವಲ್ಪ ಕಾಲ ಸಿಕ್ಕಿತು. ಆಫೀಸ್ 2013 ಬಂದಾಗ ಗಾಳಿ ತಿರುಗಿತ್ತು. ಒಂದು ಪೆಟ್ಟಿಗೆ ಒಂದೇ ಕಂಪ್ಯೂಟರಿಗೆ, ಆ ಕಂಪ್ಯೂಟರ್ ಹಾಳಾದರೂ ಇನ್ನೊಂದಕ್ಕೆ ಹಾಕುವಂತಿಲ್ಲ ಎಂಬ ಕರಾರು ಹೊರಬಿತ್ತು. ಗ್ರಾಹಕರು ಜೋರಾಗಿ ಪ್ರತಿಭಟಿಸಿದ್ದರಿಂದ 2013ರ ಮಾರ್ಚ್‌ನಲ್ಲಿ ಕಂಪನಿ ಮಣಿದು, ತೊಂಬತ್ತು ದಿನಕ್ಕೊಮ್ಮೆ ಯಂತ್ರ ಬದಲಿಸಬಹುದು ಎಂದಿತು. ಅದೇ ವರ್ಷ ವಾರ್ಷಿಕ ಚಂದಾದ ಆಫೀಸ್ 365 ಮನೆಗಳಿಗೆ ಐದು ಕಂಪ್ಯೂಟರುಗಳ ಅವಕಾಶದೊಡನೆ ಬಂದಿತ್ತು. ಪೆಟ್ಟಿಗೆಯನ್ನು ಬಿಗಿ ಮಾಡಿ ಚಂದಾವನ್ನು ಸಡಿಲ ಬಿಟ್ಟರೆ ಜನ ಯಾವ ಕಡೆ ಸರಿಯುತ್ತಾರೆ ಎಂಬುದನ್ನು ವಿವರಿಸಬೇಕಿಲ್ಲ.

ಹಳೆಯ ವೃತ್ತಿಪರ ತಂತ್ರಾಂಶಗಳ ಕರಾರಿನಲ್ಲಿದ್ದ ಒಂದು ಅಂಶ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಅಡೋಬಿಯಂಥ ಕಂಪನಿಗಳು ಮೇಜಿನ ಕಂಪ್ಯೂಟರಿಗೊಂದು, ಲ್ಯಾಪ್‌ಟಾಪಿಗೊಂದು ಎಂದು ಎರಡು ಪ್ರತಿಗೆ ಒಪ್ಪುತ್ತಿದ್ದವು. ಎರಡನ್ನೂ ಒಬ್ಬರೇ ಬಳಸಬೇಕಿತ್ತು. ಗಂಡ ಕಚೇರಿಗೆ ಹೋದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋದರೆ ಸರಿ, ಅದರಲ್ಲಿ ಹೆಂಡತಿ ಮಗುವಿನ ಫೋಟೊ ಸರಿಪಡಿಸಿಕೊಂಡರೆ ಕರಾರು ಮುರಿದ ಹಾಗೆ. ಆಗ ಮೇಜಿನ ಕಂಪ್ಯೂಟರಿನ ಪ್ರತಿ ಬಳಕೆಯಲ್ಲಿಲ್ಲ, ಕಂಪನಿಗೆ ಕಾಸೂ ನಷ್ಟವಿಲ್ಲ. ಇಂದಿಗೂ ಅಡೋಬಿಯ ವೈಯಕ್ತಿಕ ಚಂದಾ ಎರಡು ಯಂತ್ರಗಳಿಗೆ ಒಪ್ಪುತ್ತದೆ, ಆದರೆ ಒಬ್ಬ ವ್ಯಕ್ತಿಗೆ ಮಾತ್ರ.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕುಟುಂಬವೆಂಬುದು ಖಾತೆಗಳ ಗುಂಪಾಗಿದೆ. ಆ್ಯಪಲ್ 2014ರಲ್ಲಿ ಐಒಎಸ್ 8ರ ಜತೆ ಫ್ಯಾಮಿಲಿ ಶೇರಿಂಗ್ ತಂದಿತು, ಗೂಗಲ್ 2016ರಲ್ಲಿ ಪ್ಲೇ ಸ್ಟೋರಿಗೆ ಫ್ಯಾಮಿಲಿ ಲೈಬ್ರರಿ ಸೇರಿಸಿತು, ಮೈಕ್ರೋಸಾಫ್ಟ್ 2018ರ ಅಕ್ಟೋಬರಿನಲ್ಲಿ ಆಫೀಸ್ 365ರ ಮನೆ ಚಂದಾದ ಐವರ ಮಿತಿಯನ್ನು ಆರು ಮಾಡಿತು, ಆಟಗಳನ್ನು ಮಾರುವ ಸ್ಟೀಮ್ 2024ರ ಸೆಪ್ಟೆಂಬರಿನಲ್ಲಿ ಸ್ಟೀಮ್ ಫ್ಯಾಮಿಲೀಸ್ ಆರಂಭಿಸಿತು. ನಾಲ್ಕರಲ್ಲೂ ಕುಟುಂಬದ ಮಿತಿ ಆರು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜ, ಅಜ್ಜಿ: ಅಲ್ಲಿಗೆ ಮುಗಿಯಿತು. ಚಿಕ್ಕಪ್ಪನ ಸಂಸಾರವೂ ಅದೇ ಮನೆಯಲ್ಲಿದ್ದರೆ ಅವರು ಬೇರೆ ಕುಟುಂಬ. ನಮ್ಮ ಆದಾಯ ತೆರಿಗೆ ಕಾನೂನು ಅವಿಭಕ್ತ ಕುಟುಂಬವನ್ನು ಇಂದಿಗೂ ಒಂದು ಘಟಕವೆಂದು ಗುರುತಿಸುತ್ತದೆ. ಆ್ಯಪ್ ಅಂಗಡಿಗೆ ಆ ಪರಿಚಯವಿಲ್ಲ.

ಈ ಗುಂಪುಗಳಿಗೆ ಅವುಗಳದೇ ಕಟ್ಟಳೆಗಳಿವೆ. ಗೂಗಲ್‌ನಲ್ಲಿ ಒಂದು ಕುಟುಂಬ ಬಿಟ್ಟು ಇನ್ನೊಂದಕ್ಕೆ ಸೇರಲು ಹನ್ನೆರಡು ತಿಂಗಳಿಗೆ ಒಮ್ಮೆ ಮಾತ್ರ ಅವಕಾಶ. ಸ್ಟೀಮ್‌ನಲ್ಲೂ ವಯಸ್ಕರು ಒಂದು ಕುಟುಂಬಕ್ಕೆ ಸೇರಿ ವರ್ಷವಾಗುವವರೆಗೆ ಇನ್ನೊಂದಕ್ಕೆ ಸೇರುವಂತಿಲ್ಲ. ಅಣ್ಣನ ಆಟವನ್ನು ತಮ್ಮ ಆಡುವಾಗ ಮೋಸ ಮಾಡಿ ಸಿಕ್ಕಿಬಿದ್ದರೆ ಆ ಆಟದಲ್ಲಿ ಅಣ್ಣನೂ ನಿಷೇಧಕ್ಕೊಳಗಾಗುತ್ತಾನೆ. ಹಾಗಿದ್ದರೂ ಬೋರ್ಲ್ಯಾಂಡ್ ಹೇಳಿದ ನಿಯಮಕ್ಕೆ ಈಗ ತೀರ ಹತ್ತಿರವಿರುವುದು ಸ್ಟೀಮ್ ವ್ಯವಸ್ಥೆಯೇ. ಮನೆಯಲ್ಲಿ ಒಂದು ಆಟದ ಒಂದು ಪ್ರತಿ ಇದ್ದರೆ ಒಂದು ಹೊತ್ತಿಗೆ ಒಬ್ಬರು ಆಡಬಹುದು, ಉಳಿದವರು ಆಗ ಬೇರೆ ಆಟ ಆಡಬಹುದು. ಹಳೆಯ ಏರ್ಪಾಡಿನಲ್ಲಿ ಒಬ್ಬರು ಯಾವುದೇ ಆಟಕ್ಕೆ ಕೂತರೂ ಅವರ ಕಪಾಟೆಲ್ಲ ಬೀಗ ಬಿದ್ದಂತಾಗುತ್ತಿತ್ತು. ಬಳಕೆಯನ್ನು ಪ್ರತಿಗಳ ಲೆಕ್ಕದಲ್ಲಿ ಅಳೆಯಲು ತಂತ್ರಜ್ಞಾನ ಇದೆ ಎಂಬುದಕ್ಕೆ ಇದು ಪುರಾವೆ. ಉಳಿದವರು ಹಾಗೆ ಮಾಡದಿರುವುದು ಅವರ ವ್ಯಾಪಾರದ ತೀರ್ಮಾನ.

ಫ್ಯಾಮಿಲಿ ಎಂಬ ಹಣೆಪಟ್ಟಿಯಿದ್ದರೂ ಕೊಂಡದ್ದೆಲ್ಲ ಹಂಚಿಕೆಯಾಗುವುದಿಲ್ಲ. ಗೂಗಲ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್ ಹಂಚಬಹುದು, ಆ್ಯಪಿನೊಳಗೆ ಕೊಂಡದ್ದನ್ನು ಆಗದು. ಈಗಿನ ಹೆಚ್ಚಿನ ಆ್ಯಪ್‌ಗಳು ಹೊರಗೆ ಉಚಿತ, ಒಳಗೆ ದುಬಾರಿ. ಹಾಗಾಗಿ ಈ ಸೌಲಭ್ಯದಲ್ಲಿ ಉಳಿಯುವುದು ಅಲ್ಪಸ್ವಲ್ಪ. ಮೈಕ್ರೋಸಾಫ್ಟ್ 2025ರ ಆರಂಭದಲ್ಲಿ ಮನೆ ಬಳಕೆಯ ಚಂದಾಕ್ಕೆ ಕೋಪೈಲಟ್ ಎಂಬ ಎಐ ಸಹಾಯಕನನ್ನು ಸೇರಿಸಿ ಬೆಲೆ ಏರಿಸಿದಾಗಲೂ ಫ್ಯಾಮಿಲಿ ಯೋಜನೆಯಲ್ಲಿ ಅದು ದಕ್ಕಿದ್ದು ಚಂದಾದಾರನೊಬ್ಬನಿಗೆ, ಉಳಿದ ಐವರಿಗಲ್ಲ.

ಹೀಗಿರುವುದರಿಂದ ಬಹಳ ಮನೆಗಳು ಸುಲಭದ ದಾರಿ ಹಿಡಿದಿವೆ: ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಎಲ್ಲರ ಫೋನಿನಲ್ಲೂ ಅದೇ. ಕರಾರಿನ ಮಾತು ಅತ್ತ ಇರಲಿ, ಮನೆಯವರಿಗೇ ಇದು ಒಳ್ಳೆಯದಲ್ಲ. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಮಗನ ಪ್ರಾಜೆಕ್ಟ್ ರಿಪೋರ್ಟಿನ ಪಕ್ಕದಲ್ಲಿ ಬಂದು ಕೂರುತ್ತದೆ. ಹದಿನಾರರ ಮಗಳು ಹುಡುಕಿದ್ದು ಅಮ್ಮನ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಮಗು ಗ್ಯಾಲರಿ ಖಾಲಿ ಮಾಡಿದರೆ ಮದುವೆಯ ಫೋಟೊಗಳು ಎಲ್ಲರ ಫೋನಿನಿಂದಲೂ ಹೋಗಬಹುದು. ಮೈಕ್ರೋಸಾಫ್ಟ್ 365 ಫ್ಯಾಮಿಲಿಯಂಥ ಯೋಜನೆಯಲ್ಲಿ ಆರು ಮಂದಿಗೂ ಬೇರೆ ಬೇರೆ ಖಾತೆ, ತಲಾ ಒಂದು ಟೆರಾಬೈಟ್ ಜಾಗ ಇರುವುದು ಈ ಕಾರಣಕ್ಕೇ ಮೆಚ್ಚತಕ್ಕದ್ದು. ಬಿಲ್ ಒಂದಾದರೂ ಖಾಸಗಿತನ ಅವರವರದೇ.

ಕನ್ನಡದ ಮನೆಗಳನ್ನು ಹೆಚ್ಚು ಕಾಡುವುದು ದೇಶದ ಗಡಿ. ತಂದೆ ತಾಯಿ ಶಿವಮೊಗ್ಗದಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ ಇರುವ ಸಂಸಾರ ಈಗ ಅಪರೂಪವೇನಲ್ಲ. ಗೂಗಲ್ ಕುಟುಂಬದ ಎಲ್ಲರೂ ಒಂದೇ ದೇಶದಲ್ಲಿರಬೇಕು. ಆ್ಯಪಲ್‌ನಲ್ಲಿ ಕೊಂಡದ್ದನ್ನು ಹಂಚಿಕೊಳ್ಳಬೇಕಾದರೆ ಎಲ್ಲರ ಖಾತೆಯೂ ಒಂದೇ ದೇಶದ್ದಾಗಿರಬೇಕು. ಇದಕ್ಕೆ ಕಾರಣವಿಲ್ಲದಿಲ್ಲ: ಭಾರತದಲ್ಲಿ ಬೆಲೆ ಕಡಿಮೆ, ಇಲ್ಲಿ ಕೊಂಡು ಅಲ್ಲಿ ಬಳಸುವುದನ್ನು ತಡೆಯಬೇಕೆಂಬುದು ಕಂಪನಿಗಳ ಲೆಕ್ಕ. ಆದರೆ ಆ ಲೆಕ್ಕದಲ್ಲಿ ಮೈಸೂರಿನ ಅಜ್ಜಿಗೆಂದು ಮೊಮ್ಮಗಳು ಅಮೆರಿಕದ ಬೆಲೆ ಕೊಟ್ಟೇ ಕೊಂಡ ಆ್ಯಪ್ ಕೂಡ ಅಜ್ಜಿಗೆ ತಲುಪುವುದಿಲ್ಲ. ವಿಡಿಯೊ ಜಗತ್ತಿನಲ್ಲಿ ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲೂ ಪಾಸ್‌ವರ್ಡ್ ಹಂಚಿಕೆಗೆ ತಡೆ ಹಾಕಿ, ಖಾತೆ ಒಂದು ಮನೆಗಷ್ಟೇ ಎಂದಿತು. ಊರಿನ ಮನೆ, ಬೆಂಗಳೂರಿನ ಬಾಡಿಗೆ ಮನೆ ಎರಡೂ ತಮ್ಮದೇ ಎಂದುಕೊಂಡವರಿಗೆ ಆಗ ಬಿಸಿ ತಟ್ಟಿತು.

ನಮ್ಮ ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರಿತು. ಕಾದಂಬರಿ, ಚಿತ್ರ, ಸಂಗೀತ ಮುಂತಾದವನ್ನು ಖಾಸಗಿ ಬಳಕೆಗೆ ನ್ಯಾಯಯುತವಾಗಿ ಬಳಸಿಕೊಳ್ಳಲು 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ, ಅಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಮಾತ್ರ ಹೆಸರಿಸಿ ಹೊರಗಿಟ್ಟಿದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ ಸೆಕ್ಷನ್ನಿನ ಇನ್ನೊಂದು ಉಪಖಂಡದಂತೆ, ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ಅದನ್ನು ಯಾವ ಉದ್ದೇಶಕ್ಕೆ ಪಡೆದರೋ ಆ ಉದ್ದೇಶಕ್ಕೂ, ಹಾಳಾದೀತೆಂಬ ಮುನ್ನೆಚ್ಚರಿಕೆಯ ಬ್ಯಾಕಪ್ಪಿಗೂ ಪ್ರತಿ ಮಾಡಿಕೊಳ್ಳಬಹುದು. 1999ರ ತಿದ್ದುಪಡಿ ಮತ್ತೊಂದು ಹೆಜ್ಜೆ ಮುಂದಿಟ್ಟಿತು: ತಾವೇ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ, ವ್ಯಾಪಾರದ್ದಲ್ಲದ ವೈಯಕ್ತಿಕ ಬಳಕೆಗೆ, ಪ್ರತಿ ಮಾಡಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. 52(1)(ಎಡಿ) ಎಂಬ ಈ ಒಂದು ಸಾಲು ಮನೆ ಬಳಕೆದಾರರಿಗೆ ಇರುವ ದೊಡ್ಡ ಆಸರೆ. ನನ್ನದೇ ಮೇಜಿನ ಕಂಪ್ಯೂಟರಿಗೂ ಲ್ಯಾಪ್‌ಟಾಪಿಗೂ ಹಾಕಿಕೊಂಡರೆ ಇದು ನನ್ನನ್ನು ಕಾಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಹೆಂಡತಿಯ ಲ್ಯಾಪ್‌ಟಾಪಿಗೆ ಹಾಕಿದರೆ? ಕುಟುಂಬದ ಮಾತು ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಬಳಕೆ ವೈಯಕ್ತಿಕವಾಗಿರಬೇಕು ಎಂದಿದೆ, ಯಾರ ವೈಯಕ್ತಿಕ ಎಂದು ಬಿಡಿಸಿಲ್ಲ. ಅದನ್ನು ವಿಶಾಲವಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ. ಕಂಪನಿಯ ವಕೀಲರು ಕಿರಿದಾಗಿ ಓದುವುದೂ ಖಂಡಿತ. ಜತೆಗೆ ‘ಒಪ್ಪಿದ್ದೇನೆ’ ಎಂದು ಒತ್ತಿದ ಕರಾರು ಬೇರೆಯೇ ಇದೆ; ಕೃತಿಸ್ವಾಮ್ಯ ಕಾಯ್ದೆ ಬಿಟ್ಟುಕೊಟ್ಟದ್ದನ್ನು ಅದು ಕಿತ್ತುಕೊಳ್ಳಲು ನೋಡುತ್ತದೆ.

ಶಿಕ್ಷೆಯ ವಿಚಾರದಲ್ಲಿ ಕಾಯ್ದೆ ಮನೆಯನ್ನೂ ಅಂಗಡಿಯನ್ನೂ ಬೇರೆಯಾಗಿಯೇ ಕಂಡಿದೆ. 63ಬಿ ಸೆಕ್ಷನ್ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಬಳಕೆ ಲಾಭಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಆಗಿರದಿದ್ದರೆ ನ್ಯಾಯಾಲಯ ಸಜೆ ವಿಧಿಸದೆ 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು.

ದುಡ್ಡು ಕೊಟ್ಟಾಗ ನಾವು ಕೊಳ್ಳುವುದು ಏನನ್ನು ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆಯೂ ಬಂದಿದೆ. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್‌ನ ನಿಲುವನ್ನು ತಳ್ಳಿಹಾಕಿ ಒಂದು ಮುಖ್ಯ ತೀರ್ಪು ಕೊಟ್ಟಿತು. ಅದು ತೆರಿಗೆಯ ವ್ಯಾಜ್ಯ. ವಿದೇಶಿ ಕಂಪನಿಗಳಿಗೆ ತಂತ್ರಾಂಶಕ್ಕಾಗಿ ಕೊಟ್ಟ ಹಣ ರಾಯಲ್ಟಿಯೇ ಎಂಬುದು ಪ್ರಶ್ನೆ. ಕೃತಿಸ್ವಾಮ್ಯ ಬೇರೆ, ಆ ಕೃತಿಯ ಒಂದು ಪ್ರತಿ ಬೇರೆ. ಬಳಕೆದಾರ ಕೊಳ್ಳುವುದು ಪ್ರತಿಯನ್ನು ಎಂದು ನ್ಯಾಯಾಲಯ ಹೇಳಿತು. ಮನೆಯೊಳಗಿನ ಹಂಚಿಕೆಯ ಬಗ್ಗೆ ಆ ತೀರ್ಪು ಮಾತಾಡಿಲ್ಲ. ಆದರೂ ಲೈಸೆನ್ಸಿನ ಹೆಸರಿನಲ್ಲಿ ನಡೆದದ್ದು ತಿರುಳಿನಲ್ಲಿ ಸರಕಿನ ಮಾರಾಟ ಎಂಬ ಅದರ ದಾರಿ ಕೊಂಡವರ ಕಡೆಗೇ ಇದೆ. ಹೊರದೇಶಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅಮೆರಿಕದಲ್ಲಿ ಹಳೆಯ ಆಟೊಕ್ಯಾಡ್ ಪ್ರತಿಗಳನ್ನು ಇಬೇಯಲ್ಲಿ ಮಾರಲು ಹೋದ ವರ್ನರ್ ಎಂಬವರಿಗೆ 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ನೀವು ಮಾರುತ್ತಿರುವ ಪ್ರತಿ ಮೊದಲೇ ಮಾರಾಟವಾದದ್ದಲ್ಲ, ಬಳಕೆಗೆ ಕೊಟ್ಟದ್ದಷ್ಟೆ ಎಂದಿತು. ಯುರೋಪಿನ ನ್ಯಾಯಾಲಯ 2012ರ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ ಇದಕ್ಕೆ ತೀರ ವಿರುದ್ಧವಾಗಿ, ಕಾಲಮಿತಿಯಿಲ್ಲದ ಲೈಸೆನ್ಸ್ ಡೌನ್‌ಲೋಡ್ ಮಾಡಿಕೊಂಡದ್ದಾದರೂ ಮರುಮಾರಾಟ ಮಾಡಬಹುದು, ಆದರೆ ನಿಮ್ಮ ಪ್ರತಿಯನ್ನು ಅಳಿಸಿರಬೇಕು ಎಂದಿತು. ಅಲ್ಲಿಯೂ ಮತ್ತೆ ಅದೇ ಅಳತೆ: ಒಂದು ಪ್ರತಿ, ಒಂದು ಬಳಕೆ.

ಮನೆಯಲ್ಲೇ ದುಡಿಮೆ ನಡೆಯುವ ಕಡೆ ನಾನು ರಿಯಾಯಿತಿ ಕೇಳುವುದಿಲ್ಲ. ಲೆಕ್ಕಪತ್ರದ ತಂತ್ರಾಂಶವಾದ ಬೆಂಗಳೂರಿನ ಟ್ಯಾಲಿಯನ್ನೇ ನೋಡಿ. ಅದರ ಸಿಲ್ವರ್ ಲೈಸೆನ್ಸ್ ಒಂದು ಕಂಪ್ಯೂಟರಿಗೆ, ಗೋಲ್ಡ್ ಕಚೇರಿಯ ಜಾಲಕ್ಕೆಲ್ಲ. ಅಪ್ಪ ಅಂಗಡಿಯಲ್ಲಿ ಬಿಲ್ ಹಾಕಿ, ಸೊಸೆ ಮನೆಯಲ್ಲಿ ಲೆಕ್ಕ ಬರೆಯುವುದಾದರೆ ಸಿಲ್ವರ್ ಲೈಸೆನ್ಸನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಸರೆಂಡರ್ ಮಾಡಿ ಮನೆಯದರಲ್ಲಿ ಆಕ್ಟಿವೇಟ್ ಮಾಡಿಕೊಳ್ಳಬಹುದು. ದಿನಾ ಹೀಗೆ ಮಾಡುವುದು ತಲೆನೋವು, ಆದರೆ ದಾರಿ ಪ್ರಾಮಾಣಿಕ. ಇಬ್ಬರೂ ಒಂದೇ ಹೊತ್ತಿಗೆ ಸಂಪಾದನೆಗೆ ಬಳಸುವುದಾದರೆ ಇನ್ನೊಂದಕ್ಕೆ ದುಡ್ಡು ಕೊಡಬೇಕು. ಅಂಥ ತಂತ್ರಾಂಶ ಬರೆಯುವವರಲ್ಲಿ ನಮ್ಮವರೂ ಇದ್ದಾರೆ. ಕ್ರ್ಯಾಕ್ ಮಾಡಿದ ಪ್ರತಿಯಿಂದ ಮಾಡಿದ ಕೆಲಸಕ್ಕೆ ಗಿರಾಕಿಯಿಂದ ಪೂರ್ತಿ ಹಣ ಎಣಿಸಿಕೊಳ್ಳುವುದನ್ನು ಹಂಚಿಕೆ ಎಂದು ಕರೆಯಲು ನನ್ನಿಂದಾಗದು.

ಈ ಗೋಜೇ ಬೇಡವೆನ್ನುವವರಿಗೆ ರಿಚರ್ಡ್ ಸ್ಟಾಲ್ಮನ್ 1980ರ ದಶಕದಲ್ಲೇ ದಾರಿ ತೋರಿದ್ದಾರೆ. ಅವರ ಮುಕ್ತ ತಂತ್ರಾಂಶ ಚಳವಳಿಯಲ್ಲಿ ಪ್ರತಿ ಮಾಡಿ ನೆರೆಹೊರೆಗೆ ಕೊಡುವುದು ಬಳಕೆದಾರನ ಹಕ್ಕು. ಲಿಬ್ರೆ ಆಫೀಸ್ ಕನ್ನಡ ಮೆನುಗಳೊಂದಿಗೇ ಸಿಗುತ್ತದೆ. ಚಿತ್ರಗಳ ಕೆಲಸಕ್ಕೆ ಗಿಂಪ್, ಇಂಕ್‌ಸ್ಕೇಪ್ ಇವೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳಿವೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಕ್ಕಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಕನ್ನಡ ಟೈಪಿಂಗ್ ಬಂತು. ಮನೆಯಲ್ಲಿ ಒಬ್ಬರಿಗೆ ಎಕ್ಸೆಲ್ಲೇ ಬೇಕಾದರೆ ಅವರಿಗೊಂದು ಲೈಸೆನ್ಸ್ ಕೊಂಡು, ಅರ್ಜಿ ಬರೆಯುವ ಅಪ್ಪನಿಗೂ ಹೋಂವರ್ಕ್ ಮಾಡುವ ಮಗಳಿಗೂ ಲಿಬ್ರೆ ಆಫೀಸ್ ಹಾಕಿಕೊಟ್ಟರೆ ಬಹುಪಾಲು ಕೆಲಸ ಸಾಗುತ್ತದೆ.

ಚಂದಾ ಕಟ್ಟುವವರು ತೀರಿಕೊಂಡಾಗ ಏನಾಗುತ್ತದೆ ಎಂಬುದನ್ನು ಮಾತ್ರ ಮನೆಗಳಲ್ಲಿ ಯೋಚಿಸಿದವರು ಕಡಿಮೆ. ಅಪ್ಪನ ಪುಸ್ತಕಗಳು ಮಕ್ಕಳಿಗೆ ಬರುತ್ತವೆ, ಖಾತೆಗೆ ಅಂಟಿಕೊಂಡ ತಂತ್ರಾಂಶ ಬರುವುದಿಲ್ಲ. ಸ್ಟೀಮ್ ಖಾತೆಯನ್ನು ಉಯಿಲಿನ ಮೂಲಕವೂ ವರ್ಗಾಯಿಸಲಾಗದು. ಆ್ಯಪಲ್ 2021ರಿಂದ ವಾರಸುದಾರರನ್ನು ನೇಮಿಸಲು ಅವಕಾಶ ಕೊಟ್ಟಿದೆ. ಅವರಿಗೆ ಫೋಟೊ, ಟಿಪ್ಪಣಿ ಸಿಗುತ್ತವೆ, ದುಡ್ಡು ಕೊಟ್ಟು ಕೊಂಡ ಸಿನಿಮಾ, ಸಂಗೀತ, ಪುಸ್ತಕ ಸಿಗುವುದಿಲ್ಲ. ಕುಟುಂಬದ ಚಂದಾ ಒಬ್ಬರ ಕಾರ್ಡಿನ ಮೇಲೆ ನಿಂತಿದ್ದರೆ ಬ್ಯಾಂಕ್ ಆ ಕಾರ್ಡ್ ನಿಲ್ಲಿಸಿದ ಬಳಿಕ ಅವಧಿ ಮುಗಿಯುತ್ತದೆ. ಆಮೇಲೆ ಮೈಕ್ರೋಸಾಫ್ಟ್ 365ರಲ್ಲಿ ಉಳಿದ ಐವರೂ ತಮ್ಮ ಕಡತಗಳನ್ನು ತೆರೆದು ಓದಬಹುದು, ತಿದ್ದಲಾಗದು. ನಮ್ಮ ಉತ್ತರಾಧಿಕಾರ ಕಾನೂನು ಇದನ್ನು ಕೈಗೆತ್ತಿಕೊಳ್ಳುವವರೆಗೆ ಮನೆಯವರೇ ಮಾಡಿಕೊಳ್ಳಬಹುದಾದ ಏರ್ಪಾಡು ಇದು: ವರ್ಗಾಯಿಸಲು ಬರುವ ಲೈಸೆನ್ಸುಗಳ ಕೀ ಮತ್ತು ರಸೀದಿ ಒಂದು ಕಡೆ ಇರಲಿ, ಚಂದಾ ಯಾರ ಹೆಸರಿನಲ್ಲಿದೆ ಎಂಬುದು ಇಬ್ಬರಿಗಾದರೂ ಗೊತ್ತಿರಲಿ, ಪ್ರತಿಯೊಬ್ಬರ ಕಡತಗಳ ಒಂದು ಪ್ರತಿ ಅವರವರ ಹಾರ್ಡ್ ಡಿಸ್ಕಿನಲ್ಲೂ ಇರಲಿ.